ಗುರಿ ಕಲಿಸಿದ ನೌಕಾಧಿಕಾರಿ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷ್ ನೌಕಾಪಡೆಯು ಜಗತ್ತಿನಲ್ಲೇ ದೊಡ್ಡದೆಂದು ಹೆಸರಾಗಿತ್ತು. ಅದರ ಹಡಗುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಆದರೆ ಅವು ಹಾರಿಸಿದ ಗುಂಡುಗಳಲ್ಲಿ ಬಹುಪಾಲು ಗುರಿ ತಪ್ಪಿ ನೀರುಪಾಲಾಗುತ್ತಿದ್ದವು. ಈ ಕೊರತೆಯನ್ನು ನೀಗಿಸಲು ಶ್ರಮಿಸಿದವರಲ್ಲಿ ಪರ್ಸಿ ಸ್ಕಾಟ್ ಅಗ್ರಗಣ್ಯನು.

1853ರಲ್ಲಿ ಜನಿಸಿದ ಸ್ಕಾಟನು ಹದಿಮೂರನೆಯ ವಯಸ್ಸಿನಲ್ಲಿಯೇ ನೌಕಾಪಡೆಯನ್ನು ಸೇರಿದನು. 1898ರಲ್ಲಿ ಅವನು ‘ಸಿಲ್ಲಾ’ ಎಂಬ ಯುದ್ಧನೌಕೆಯ ಕಪ್ತಾನನಾಗಿದ್ದನು. ಅಲೆಗಳಿಗೆ ಸಿಕ್ಕಿ ಹಡಗು ಹೊಯ್ದಾಡಿದಾಗ ಫಿರಂಗಿಯ ಬಾಯಿಯೂ ಮೇಲಕ್ಕೂ ಕೆಳಕ್ಕೂ ಆಡುವುದಷ್ಟೆ. ಗುರಿಯು ನೇರಕ್ಕೆ ಬರುವ ಕ್ಷಣವನ್ನು ಕಾದು ಗುಂಡು ಹಾರಿಸುವುದು ಅಂದಿನ ರೂಢಿ. ಆದರೆ ಅಭ್ಯಾಸದ ವೇಳೆಯಲ್ಲಿ ಒಬ್ಬ ಗೋಲಂದಾಜನು ಮಾತ್ರ ಉಳಿದವರಿಗಿಂತ ಚೆನ್ನಾಗಿ ಗುರಿ ಹೊಡೆಯುತ್ತಿದ್ದುದನ್ನು ಸ್ಕಾಟನು ಗಮನಿಸಿದನು. ಆತನು ತನಗೇ ಅರಿವಿಲ್ಲದಂತೆ, ಫಿರಂಗಿಯನ್ನು ಏರಿಸಿ ಇಳಿಸುವ ಚಕ್ರವನ್ನು ಎಡೆಬಿಡದೆ ತಿರುಗಿಸುತ್ತ, ಹಡಗಿನ ಹೊಯ್ದಾಟವನ್ನು ಸರಿದೂಗಿಸುತ್ತಿದ್ದನು.

ಬೇರೊಬ್ಬ ಅಧಿಕಾರಿಯಾಗಿದ್ದರೆ ಅವನನ್ನು ಹೊಗಳಿ ಸುಮ್ಮನಾಗುತ್ತಿದ್ದನೇನೋ. ಸ್ಕಾಟನಾದರೋ ಒಬ್ಬನ ಕೈಚಳಕವನ್ನು ಎಲ್ಲರ ವಿದ್ಯೆಯನ್ನಾಗಿ ಮಾಡಲು ನಿಶ್ಚಯಿಸಿದನು. ಎಲ್ಲರೂ ಫಿರಂಗಿಯನ್ನು ಬೇಗನೆ ಏರಿಳಿಸಲು ಸಾಧ್ಯವಾಗುವಂತೆ ಚಕ್ರದ ಹಲ್ಲುಗಳ ಪ್ರಮಾಣವನ್ನು ಬದಲಾಯಿಸಿದನು. ಗುಂಡು ಸಿಡಿದಾಗ ಕೊಳವೆ ಹಿಂದಕ್ಕೆ ಒದೆದರೂ ಕಣ್ಣಿಗೆ ಪೆಟ್ಟಾಗದಂತೆ ದೂರದರ್ಶಕವನ್ನು ಅಳವಡಿಸಿದನು. ಮದ್ದುಗುಂಡು ವ್ಯಯವಾಗದೆ ಗುರಿಯಿಡುವುದನ್ನು ಕಲಿಯಲು, ಚಲಿಸುವ ಚಿತ್ರದ ಮೇಲೆ ಚುಕ್ಕೆಯಿಡುವ ಯಂತ್ರವೊಂದನ್ನು ರಚಿಸಿದನು. ಫಲವು ಬೇಗನೆ ದೊರೆಯಿತು. 1899ರ ಸ್ಪರ್ಧೆಯಲ್ಲಿ ಸಿಲ್ಲಾ ಹಾರಿಸಿದ 70 ಗುಂಡುಗಳಲ್ಲಿ 56 ಗುರಿ ಮುಟ್ಟಿದವು.

ಆದರೂ ಹಳೆಯ ಅಭ್ಯಾಸಗಳು ಸುಲಭವಾಗಿ ಅಳಿಯಲಿಲ್ಲ. 1907ರಲ್ಲಿ ಜರ್ಮನಿಯ ಚಕ್ರವರ್ತಿಯ ಭೇಟಿಗಾಗಿ ಹಡಗುಗಳಿಗೆ ಬಣ್ಣ ಬಳಿಯಬೇಕೆಂದು ನೌಕಾಪತಿ ಬೆರೆಸ್‌ಫರ್ಡನು ಆಜ್ಞಾಪಿಸಿದನು. ಗುರಿಗಾರಿಕೆಗಿಂತ ಬಣ್ಣಕ್ಕೇ ಬೇಡಿಕೆ ಹೆಚ್ಚಿದಂತಿದೆ ಎಂಬ ಅರ್ಥದ ಸಂದೇಶವನ್ನು ಸ್ಕಾಟನು ತನ್ನ ಅಧೀನದ ಹಡಗಿಗೆ ಕಳುಹಿಸಿದನು. ಆ ವ್ಯಂಗ್ಯಕ್ಕಾಗಿ ಇಡೀ ಪಡೆಗೆ ತಿಳಿಯುವಂತೆ ಛೀಮಾರಿಗೆ ಗುರಿಯಾದನು. ಎಷ್ಟಾದರೂ ಅವನು ತನ್ನ ಕಾರ್ಯವನ್ನು ಬಿಡಲಿಲ್ಲ.

ಅನಂತರ ಅವನು, ಕೂವೆಮರದ ಎತ್ತರದಲ್ಲಿ ಕುಳಿತ ಒಬ್ಬ ಅಧಿಕಾರಿಯೇ ಗುರಿ ಹಿಡಿದು, ದೊಡ್ಡ ಫಿರಂಗಿಗಳನ್ನೆಲ್ಲ ಏಕಕಾಲಕ್ಕೆ ಸಿಡಿಸುವ ಏರ್ಪಾಡನ್ನು ರೂಪಿಸಿದನು. ಕೆಳಗಿನ ಹೊಗೆಯೂ ನೀರಿನ ತುಂತುರೂ ಅಲ್ಲಿ ಅಷ್ಟಾಗಿ ಕಣ್ಣಿಗೆ ಅಡ್ಡ ಬರುತ್ತಿರಲಿಲ್ಲ. 1912ರ ಪರೀಕ್ಷೆಯಲ್ಲಿ ಈ ಏರ್ಪಾಡಿದ್ದ ‘ಥಂಡರರ್’ ನೌಕೆಯು, ಅದಿಲ್ಲದ ‘ಓರಿಯನ್’ ನೌಕೆಯನ್ನು ಬಹಳ ಹಿಂದಿಕ್ಕಿತು. ಆದರೂ 1914ರಲ್ಲಿ ಮಹಾಯುದ್ಧ ಆರಂಭವಾದಾಗ ಎಂಟು ಸಮರನೌಕೆಗಳಿಗೆ ಮಾತ್ರ ಅದನ್ನು ಅಳವಡಿಸಲಾಗಿತ್ತು. 1916ರ ಜಟ್‌ಲೆಂಡ್ ಕದನದ ಹೊತ್ತಿಗೆ ಎರಡನ್ನುಳಿದು ಎಲ್ಲ ಬ್ರಿಟಿಷ್ ಸಮರನೌಕೆಗಳೂ ಅದನ್ನು ಹೊಂದಿದ್ದವು.

ಸ್ಕಾಟನು 1924ರಲ್ಲಿ ನಿಧನನಾದನು. ಅವನ ಸುಧಾರಣೆಗೆ ಮೂಲವಾದುದು ಹೆಸರಿಲ್ಲದ ಒಬ್ಬ ಗೋಲಂದಾಜನ ಕೈ. ಅದನ್ನು ಕಂಡುಕೊಂಡದ್ದು ಸ್ಕಾಟನ ಕಣ್ಣು. ಕಿರಿಯರ ಕೆಲಸವನ್ನು ಹಿರಿಯರು ಆದರದಿಂದ ಗಮನಿಸಿದಾಗ ವಿದ್ಯೆಯು ಬೆಳೆಯುತ್ತದೆ.