ದೂರದ ತರಗತಿ

ವಿದ್ಯಾರ್ಥಿಗೆ ಗ್ರಂಥವೊಂದೇ ಸಾಲದು. ಗುರುವೂ ಬೇಕು, ಸಹಪಾಠಿಗಳೂ ಬೇಕು. ತರಗತಿಯಲ್ಲಿ ಕುಳಿತಾಗ ನಾವು ಪಾಠವನ್ನಷ್ಟೇ ಕೇಳುವುದಿಲ್ಲ. ಪಕ್ಕದಲ್ಲಿ ಕುಳಿತವನ ಮುಖದಲ್ಲಿಯೂ ಸಂಶಯವನ್ನು ಕಂಡು, ಅರ್ಥವಾಗದಿರುವುದು ತನಗೊಬ್ಬನಿಗೇ ಅಲ್ಲವೆಂದು ಧೈರ್ಯ ತಂದುಕೊಳ್ಳುತ್ತೇವೆ. ಹಾಜರಿ ಕರೆಯುವಾಗ ನಮ್ಮ ಹೆಸರಿಗೆ ಎದ್ದು ಓಗೊಡುತ್ತೇವೆ. ಎರಡು ದಿನ ಶಾಲೆಗೆ ಬಾರದಿದ್ದರೆ ಗುರುಗಳು ಕಾರಣ ಕೇಳುತ್ತಾರೆ. ಇವೆಲ್ಲ ಪಾಠಕ್ಕೆ ಹೊರಗಿನ ಸಂಗತಿಗಳೆಂದು ತೋರಬಹುದು. ಆದರೆ ವಿದ್ಯೆಯು ಬೇರುಬಿಡುವುದು ಈ ನೆಲದಲ್ಲಿಯೇ.

ಹಾಗಾದರೆ ಗುರುಶಿಷ್ಯರು ನೂರಾರು ಮೈಲಿಗಳ ಅಂತರದಲ್ಲಿದ್ದರೆ ಏನು ಮಾಡಬೇಕು? ಈ ಪ್ರಶ್ನೆ ಹೊಸದಲ್ಲ. ಮಹಾಭಾರತದ ಏಕಲವ್ಯನು ದ್ರೋಣಾಚಾರ್ಯರಿಂದ ದೂರವಿದ್ದು ಬಿಲ್ವಿದ್ಯೆಯನ್ನು ಕಲಿತ ಕಥೆ ನಿಮಗೆ ತಿಳಿದಿದೆ. ಅವನ ಅಭ್ಯಾಸಕ್ಕೆ ಬೇಕಾದುದು ಬಿಲ್ಲುಬಾಣಗಳಷ್ಟೇ ಆಗಿದ್ದರೆ ಮಣ್ಣಿನಿಂದ ಗುರುವಿನ ಮೂರ್ತಿಯನ್ನು ಮಾಡುವ ಅಗತ್ಯವೇ ಇರುತ್ತಿರಲಿಲ್ಲ. ತನ್ನ ಸಾಧನೆಯನ್ನು ನೋಡುವ ಎರಡು ಕಣ್ಣುಗಳು ಅವನಿಗೆ ಬೇಕಾಗಿದ್ದವು. ಆದರೆ ಆ ಮೂರ್ತಿಯು ಅವನ ತಪ್ಪನ್ನು ತಿದ್ದಲಿಲ್ಲ, ದಣಿದಾಗ ಸಂತೈಸಲಿಲ್ಲ. ಏಕಲವ್ಯನಂಥ ಛಲಗಾರನು ಅಂಥ ಮೌನದ ಎದುರಿನಲ್ಲಿಯೂ ಕಲಿತನು. ಎಲ್ಲರೂ ಏಕಲವ್ಯರಲ್ಲ. ಸಾಮಾನ್ಯ ವಿದ್ಯಾರ್ಥಿಗೆ ಮರುನುಡಿಯುವ ಗುರು ಬೇಕು.

ಈ ಸತ್ಯವನ್ನು ಮನಗಂಡವರಲ್ಲಿ ಅಮೆರಿಕದ ಬಾಸ್ಟನ್ ನಗರದ ಆನಾ ಟಿಕ್ನರ್ ಒಬ್ಬರು. ಮಹಿಳೆಯರಿಗೆ ಉನ್ನತ ಶಿಕ್ಷಣದ ಅವಕಾಶ ಬಹು ವಿರಳವಾಗಿದ್ದ ಆ ಕಾಲದಲ್ಲಿ, 1873ರಲ್ಲಿ, ಮನೆಯಲ್ಲಿಯೇ ಕುಳಿತು ಓದುವ ಸ್ತ್ರೀಯರಿಗಾಗಿ ಆಕೆ ಒಂದು ಸಂಘವನ್ನು ಸ್ಥಾಪಿಸಿದರು. ಪಾಠಗಳು ಅಂಚೆಯಲ್ಲಿ ಹೋಗುತ್ತಿದ್ದವು; ಪುಸ್ತಕಗಳೂ ಎರವಲಾಗಿ ಹೋಗುತ್ತಿದ್ದವು. ಆದರೆ ಸಂಘದ ಜೀವಾಳವಾಗಿದ್ದುದು ಶಿಕ್ಷಕಿಯರು ತಮ್ಮ ವಿದ್ಯಾರ್ಥಿನಿಯರಿಗೆ ಬರೆಯುತ್ತಿದ್ದ ಪತ್ರಗಳು. ಓದಿದ ವಿಷಯದ ವಿಮರ್ಶೆಯೊಡನೆ ಉತ್ತೇಜನದ ಮಾತುಗಳನ್ನೂ ಹೊತ್ತ ಪತ್ರವು ಓದುಗಳ ಹೆಸರಿಗೆ ಬರುತ್ತಿತ್ತು. 1897ರವರೆಗೆ ನಡೆದ ಈ ಸಂಘದಿಂದ ಏಳು ಸಾವಿರಕ್ಕೂ ಹೆಚ್ಚು ಮಹಿಳೆಯರು ಪ್ರಯೋಜನ ಪಡೆದರು.

ದೂರದ ತರಗತಿಯ ಇತಿಹಾಸದಲ್ಲಿ ಇದಕ್ಕಿಂತಲೂ ಹೃದಯಸ್ಪರ್ಶಿಯಾದ ಪ್ರಯೋಗ ನಡೆದುದು ಆಸ್ಟ್ರೇಲಿಯ ಖಂಡದಲ್ಲಿ. ಆ ದೇಶದ ಒಳನಾಡು ವಿಶಾಲವಾದ ಬರಡು ಭೂಮಿ. ದನಕುರಿಗಳನ್ನು ಸಾಕುವ ಕುಟುಂಬಗಳು ಅಲ್ಲಲ್ಲಿ ಒಂಟಿಯಾಗಿ ನೆಲೆಸಿವೆ. ಒಂದು ಮನೆಯಿಂದ ಮತ್ತೊಂದು ಮನೆಗೆ ಹೋಗಬೇಕಾದರೆ ಬಹುದೂರ ಪಯಣಿಸಬೇಕು. ಅಲ್ಲಿನ ಮಕ್ಕಳಿಗೆ ಪಾಠಗಳು ಅಂಚೆಯ ಮೂಲಕ ಬರುತ್ತಿದ್ದವು, ತಾಯಂದಿರೇ ಕಲಿಸುತ್ತಿದ್ದರು. ಮಕ್ಕಳು ಅಕ್ಷರವನ್ನು ಕಲಿತರು, ಲೆಕ್ಕವನ್ನೂ ಕಲಿತರು. ಆದರೆ ಸಹಪಾಠಿ ಎಂಬುವನನ್ನು ಅವರು ಅರಿಯರು.

1940ರ ದಶಕದಲ್ಲಿ ಅಡಿಲೇಡ್ ಮೀಟ್ಕೆ ಎಂಬ ಶಿಕ್ಷಣತಜ್ಞೆ ಈ ಮಕ್ಕಳನ್ನು ಕಂಡರು. ಶಾಲೆಗಳ ಇನ್ಸ್‌ಪೆಕ್ಟರಾಗಿ ಅನುಭವವಿದ್ದ ಆಕೆಯ ಗಮನವನ್ನು ಸೆಳೆದುದು ಮಕ್ಕಳ ಅಜ್ಞಾನವಲ್ಲ, ಅವರ ಸಂಕೋಚ. ಅಪರಿಚಿತರ ಎದುರಿಗೆ ಅವರಿಗೆ ಮಾತೇ ಹೊರಡುತ್ತಿರಲಿಲ್ಲ. ಸಮವಯಸ್ಕರೊಡನೆ ಆಡಿ, ಜಗಳವಾಡಿ, ಮತ್ತೆ ಒಂದಾಗುವ ಭಾಗ್ಯ ಅವರಿಗಿರಲಿಲ್ಲ. ಆಗ ಆ ಒಳನಾಡಿನಲ್ಲಿ ವಿಮಾನದಲ್ಲಿ ಹೋಗಿ ರೋಗಿಗಳನ್ನು ನೋಡುವ ‘ಹಾರುವ ವೈದ್ಯರ ಸೇವೆ’ ನಡೆಯುತ್ತಿತ್ತು. 1929ರಲ್ಲಿ ಆಲ್‌ಫ್ರೆಡ್ ಟ್ರೇಗರ್ ಎಂಬ ತಂತ್ರಜ್ಞನು ರೂಪಿಸಿದ, ಕಾಲಿನಿಂದ ಪೆಡಲು ತುಳಿದು ನಡೆಸಬಹುದಾದ ರೇಡಿಯೋ ಯಂತ್ರದಿಂದಾಗಿ ಒಂಟಿ ಮನೆಗಳವರು ವೈದ್ಯರೊಡನೆ ಮಾತನಾಡುವಂತಾಗಿತ್ತು. ರೋಗಿಯ ನರಳಾಟವನ್ನು ವೈದ್ಯರಿಗೆ ಮುಟ್ಟಿಸುವ ರೇಡಿಯೋ, ಮಕ್ಕಳ ಮಾತನ್ನು ಗುರುವಿಗೆ ಮುಟ್ಟಿಸಬಾರದೇಕೆ ಎಂದು ಮೀಟ್ಕೆ ಆಲೋಚಿಸಿದರು.

ಆ ಆಲೋಚನೆಯ ಫಲವಾಗಿ 1951ರ ಜೂನ್ ತಿಂಗಳಲ್ಲಿ ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ‘ಆಕಾಶದ ಶಾಲೆ’ ಆರಂಭವಾಯಿತು. ಮೊದಮೊದಲು ಗುರುಗಳು ಹೇಳುತ್ತಿದ್ದರು, ಮಕ್ಕಳು ಕೇಳುತ್ತಿದ್ದರು. ಇದು ಸಾಲದೆಂಬುದು ಬೇಗನೆ ಅರಿವಾಯಿತು. ಪಾಠದ ಕೊನೆಯಲ್ಲಿ ಪ್ರಶ್ನೋತ್ತರಗಳಿಗೆ ಸಮಯವನ್ನು ಕೊಟ್ಟರು. ಆಗ ಶಾಲೆಯು ನಿಜವಾಗಿ ಶಾಲೆಯಾಯಿತು. ಮಗುವು ಗುರುವಿನ ದನಿಯನ್ನು ಮಾತ್ರವಲ್ಲ, ತನ್ನಂತೆಯೇ ಒಂಟಿ ಮನೆಯಲ್ಲಿ ಕುಳಿತ ಮತ್ತೊಂದು ಮಗುವಿನ ದನಿಯನ್ನೂ ಕೇಳಿತು. ಈ ಶಾಲೆಯ ಅಂಗಳ ಹತ್ತು ಲಕ್ಷ ಚದರ ಕಿಲೋಮೀಟರುಗಳಿಗೂ ದೊಡ್ಡದು. ಎಂದರೆ ನಮ್ಮ ಕರ್ನಾಟಕದ ಐದು ಪಟ್ಟಿಗಿಂತ ಹೆಚ್ಚು. ಈ ಶತಮಾನದಲ್ಲಿ ರೇಡಿಯೋ ಹೋಗಿ ಉಪಗ್ರಹ ಮತ್ತು ಅಂತರಜಾಲದ ಸಂಪರ್ಕ ಬಂದಿತು. ದನಿಯ ಜೊತೆಗೆ ಮುಖವೂ ಕಾಣುವಂತಾಯಿತು. ಹಾಗಿದ್ದರೂ ಶಿಕ್ಷಕರು ಮಕ್ಕಳ ಮನೆಗಳಿಗೆ ಹೋಗಿ ಬರುವುದನ್ನಾಗಲಿ, ಮಕ್ಕಳು ಆಲಿಸ್ ಸ್ಪ್ರಿಂಗ್ಸಿನಲ್ಲಿ ಒಂದುಗೂಡಿ ಕೆಲವು ದಿನ ಜೊತೆಯಲ್ಲಿ ಕಲಿಯುವುದನ್ನಾಗಲಿ ಆ ಶಾಲೆ ಬಿಡಲಿಲ್ಲ. ಯಂತ್ರ ಬದಲಾಯಿತು, ಒಡನಾಟದ ಅಗತ್ಯ ಬದಲಾಗಲಿಲ್ಲ.

ಅಂತರಜಾಲವು ವಿದ್ಯೆಯ ಬಾಗಿಲನ್ನು ಇನ್ನೂ ಅಗಲವಾಗಿ ತೆರೆಯಿತು. 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ಕೃತಕ ಬುದ್ಧಿಮತ್ತೆಯನ್ನು ಕುರಿತು ಅಂತರಜಾಲದಲ್ಲಿ ಉಚಿತವಾಗಿ ಪಾಠ ಮಾಡಿದಾಗ ಸುಮಾರು 1,60,000 ಮಂದಿ ಹೆಸರು ನೋಂದಾಯಿಸಿದರು. ಕೊನೆಯವರೆಗೆ ಉಳಿದು ಮುಗಿಸಿದವರು ಸುಮಾರು 23,000 ಮಂದಿ. ಉಳಿದವರೆಲ್ಲರೂ ಒಂಟಿತನದಿಂದಲೇ ಬಿಟ್ಟರೆಂದು ಹೇಳಲಾಗದು. ಕುತೂಹಲಕ್ಕಾಗಿ ಬಂದವರಿದ್ದರು, ಪುರಸೊತ್ತಿಲ್ಲದವರಿದ್ದರು, ಪಾಠ ಕಠಿಣವೆನಿಸಿದವರೂ ಇದ್ದಿರಬೇಕು. ಆದರೆ ಒಂದು ಮಾತು ಸ್ಪಷ್ಟ. ಅಷ್ಟು ದೊಡ್ಡ ಜಾತ್ರೆಯಲ್ಲಿ ಒಬ್ಬನು ಎದ್ದು ಹೋದರೆ ‘ಏಕೆ ಹೋದೆ?’ ಎಂದು ಕೇಳುವವರು ದೊರೆಯುವುದು ಕಷ್ಟ.

ಶಿಕ್ಷಣಶಾಸ್ತ್ರಜ್ಞರು ಈ ವಿಷಯವನ್ನು ಆಳವಾಗಿ ಚಿಂತಿಸಿದ್ದಾರೆ. ದೂರಶಿಕ್ಷಣದಲ್ಲಿ ದೂರವೆಂದರೆ ಮೈಲಿಗಳ ಲೆಕ್ಕವಲ್ಲ, ಗುರುಶಿಷ್ಯರ ನಡುವಿನ ತಿಳಿವಳಿಕೆಯ ಅಂತರ ಎಂಬುದು ಮೈಕಲ್ ಮೂರ್ ಎಂಬ ವಿದ್ವಾಂಸರ ಪ್ರತಿಪಾದನೆ. ಸಂವಾದ ಹೆಚ್ಚಿದಂತೆ ಈ ಅಂತರ ಕಡಿಮೆಯಾಗುವುದು. ಕೆನಡಾ ದೇಶದ ಗ್ಯಾರಿಸನ್, ಆಂಡರ್ಸನ್ ಮತ್ತು ಆರ್ಚರ್ ಎಂಬವರು 2000ದಲ್ಲಿ ಇಂಥ ತರಗತಿಗೆ ಮೂರು ಬಗೆಯ ಸಾನ್ನಿಧ್ಯ ಬೇಕೆಂದು ವಿವರಿಸಿದರು: ಆಲೋಚನೆಯ ಸಾನ್ನಿಧ್ಯ, ಬೋಧನೆಯ ಸಾನ್ನಿಧ್ಯ ಮತ್ತು ಸಾಮಾಜಿಕ ಸಾನ್ನಿಧ್ಯ. ಮೂರನೆಯದೆಂದರೆ, ಪರದೆಯ ಆಚೆಗಿರುವವರು ಬರಿಯ ಹೆಸರುಗಳಲ್ಲ, ನಗುವ ನೋಯುವ ಮನುಷ್ಯರು ಎಂಬ ಅರಿವು.

ನಮ್ಮ ನಾಡಿಗೂ ದೂರದ ಕಲಿಕೆ ಅಪರಿಚಿತವಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆ ಶಿಕ್ಷಣವನ್ನು ಆರಂಭಿಸಿತು. ಅದರ ಮುಂದುವರಿಕೆಯಾಗಿ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಆದರೆ ಶಾಲೆಯ ಮಕ್ಕಳೆಲ್ಲರೂ ಏಕಕಾಲಕ್ಕೆ ಈ ಪರೀಕ್ಷೆಗೆ ಒಳಗಾದುದು 2020ರಲ್ಲಿ. ಕೊರೋನಾ ಪಿಡುಗಿನಿಂದ ಆ ವರ್ಷ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದವು. ಮೊಬೈಲ್ ಫೋನ್ ಇದ್ದ ಮನೆಯ ಮಕ್ಕಳು ಅದರಲ್ಲಿ ಪಾಠ ಕೇಳಿದರು. ಚಂದನ ವಾಹಿನಿಯಲ್ಲಿ ‘ಸಂವೇದ’ ಎಂಬ ಹೆಸರಿನಿಂದ ಪಾಠಗಳು ಪ್ರಸಾರವಾದವು. ಆದರೆ ಫೋನಿಲ್ಲದ ಮನೆಗಳಿದ್ದವು. ಸಂಪರ್ಕ ಸಿಗದ ಊರುಗಳಿದ್ದವು. ಪಾಠ ಮುಟ್ಟಿದ ಮನೆಗಳಲ್ಲಿಯೂ ಎಷ್ಟೋ ಮಕ್ಕಳು ಮಾತಿಲ್ಲದೆ ಕುಳಿತಿದ್ದರು. ಇದನ್ನು ಮನಗಂಡು ಅದೇ ವರ್ಷ ‘ವಿದ್ಯಾಗಮ’ ಎಂಬ ಕಾರ್ಯಕ್ರಮವನ್ನು ಸರ್ಕಾರ ಆರಂಭಿಸಿತು. ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ, ಗುಡಿಯ ಜಗಲಿಯಲ್ಲೋ ಮರದ ನೆರಳಿನಲ್ಲೋ ಚಿಕ್ಕ ಚಿಕ್ಕ ಗುಂಪುಗಳಿಗೆ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಆದರೂ ಗುರುಗಳು ತಮ್ಮನ್ನು ಹುಡುಕಿಕೊಂಡು ಬಂದರೆಂಬುದೇ ಮಕ್ಕಳಿಗೆ ದೊಡ್ಡ ಪಾಠವಾಗಿತ್ತು.

ಈ ನಿದರ್ಶನಗಳಿಂದ ದೂರದ ತರಗತಿಯನ್ನು ಹತ್ತಿರಕ್ಕೆ ತರುವ ಮಾರ್ಗಗಳು ತಿಳಿದುಬರುತ್ತವೆ. ಗುರುವು ಶಿಷ್ಯನನ್ನು ಹೆಸರು ಹಿಡಿದು ಕರೆಯಬೇಕು. ಬರೆದು ಕಳುಹಿಸಿದ ಉತ್ತರಕ್ಕೆ ಅಂಕದ ಜೊತೆಗೆ ಒಂದು ಮಾತನ್ನೂ, ಅದನ್ನೂ ತಡವಿಲ್ಲದೆ, ಬರೆಯಬೇಕು. ನೂರು ಮಂದಿಯ ಎದುರು ನಾಚುವವನು ಐವರ ನಡುವೆ ಬಾಯ್ದೆರೆಯುತ್ತಾನೆ. ಆದುದರಿಂದ ತರಗತಿಯನ್ನು ಚಿಕ್ಕ ಗುಂಪುಗಳಾಗಿ ಮಾಡಿ, ಎಲ್ಲರೂ ಕೂಡಿಯೇ ಮುಗಿಸಬೇಕಾದ ಕೆಲಸವನ್ನು ಕೊಡಬೇಕು. ತಪ್ಪು ಉತ್ತರಕ್ಕೆ ನಗೆಯಾಡದಿರುವ ಕಟ್ಟಳೆಯನ್ನು ಮೊದಲ ದಿನವೇ ಹಾಕಬೇಕು. ಎರಡು ದಿನ ಕಾಣದವನನ್ನು ವಿಚಾರಿಸಬೇಕು.

ಇದು ಗುರುಗಳ ಕರ್ತವ್ಯ ಮಾತ್ರವೇ? ಅಲ್ಲ. ಸಹಪಾಠಿಯ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಹೇಳುವುದು, ಗೊತ್ತಿಲ್ಲದಿದ್ದರೆ ‘ನನಗೂ ತಿಳಿಯದು, ಕೂಡಿ ನೋಡೋಣ’ ಎನ್ನುವುದು, ಫೋನಿಲ್ಲದ ಗೆಳೆಯನನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಳ್ಳುವುದು ವಿದ್ಯಾರ್ಥಿಗಳ ಕೈಯಲ್ಲಿಯೇ ಇದೆ. ಯಂತ್ರವು ನಮ್ಮ ದನಿಯನ್ನು ಸಾವಿರ ಮೈಲಿ ಒಯ್ಯಬಲ್ಲದು. ಆ ದನಿಗೆ ಓಗೊಡಬೇಕಾದವರು ಮನುಷ್ಯರೇ.

ಅಭ್ಯಾಸ

1. ಏಕಲವ್ಯನು ಗುರುವಿನ ಮೂರ್ತಿಯನ್ನು ಮಾಡಿಕೊಂಡುದಕ್ಕೆ ಲೇಖಕರು ಕೊಡುವ ಕಾರಣವೇನು?
2. ಒಳನಾಡಿನ ಮಕ್ಕಳಲ್ಲಿ ಅಡಿಲೇಡ್ ಮೀಟ್ಕೆ ಕಂಡ ಕೊರತೆ ಯಾವುದು? ಅದನ್ನು ನೀಗಲು ಆಕೆ ಯಾವ ಉಪಾಯವನ್ನು ಯೋಚಿಸಿದರು?
3. ‘ಯಂತ್ರ ಬದಲಾಯಿತು, ಒಡನಾಟದ ಅಗತ್ಯ ಬದಲಾಗಲಿಲ್ಲ.’ ಈ ಮಾತನ್ನು ಸಂದರ್ಭ ಸಹಿತ ವಿವರಿಸಿರಿ.
4. ಸಾಮಾಜಿಕ ಸಾನ್ನಿಧ್ಯ ಎಂದರೇನು? ನಿಮ್ಮ ತರಗತಿಯಿಂದ ಒಂದು ಉದಾಹರಣೆಯನ್ನು ಕೊಡಿರಿ.
5. ಕಾಯಿಲೆಯಿಂದ ಹಲವು ದಿನ ಶಾಲೆಗೆ ಬಾರದಿರುವ ಸಹಪಾಠಿಗೆ, ನಡೆದ ಪಾಠಗಳನ್ನೂ ತರಗತಿಯ ಸುದ್ದಿಯನ್ನೂ ತಿಳಿಸಿ ಒಂದು ಪತ್ರ ಬರೆಯಿರಿ.