ಒಂದೇ ತಂದೆಯ ಮಕ್ಕಳು

ರಷ್ಯದ ಕಾದಂಬರಿಕಾರ ದಾಸ್ತೊಯೆವ್‌ಸ್ಕಿಯ ‘ಕರಮಜೋವ್ ಸಹೋದರರು’ 1879–80ರಲ್ಲಿ ಪತ್ರಿಕೆಯೊಂದರಲ್ಲಿ ಕಂತುಗಳಾಗಿ ಪ್ರಕಟವಾಯಿತು. ಅದರಲ್ಲಿ ಬರುವ ತಂದೆ ಫ್ಯೊದೋರ್ ಭೋಗಲಾಲಸನು. ತಾಯಿಯ ಆಸರೆ ತಪ್ಪಿದ ಮೂವರು ಗಂಡುಮಕ್ಕಳನ್ನು ಅವನು ಮರೆತೇಬಿಟ್ಟನು. ಮೊದಲು ಅವರನ್ನು ಸಲಹಿದವನು ಮನೆಯ ಸೇವಕ ಗ್ರಿಗೋರಿ.

ತಾತ್ಸಾರವು ಒಂದೇ ಆದರೂ ಅದರ ಫಲ ಒಂದೇ ಆಗಲಿಲ್ಲ. ಹಿರಿಯನಾದ ದಿಮಿತ್ರಿಯಲ್ಲಿ ಅದು ಕಡಿವಾಣವಿಲ್ಲದ ಕೋಪವಾಯಿತು. ಪರರ ಅನ್ನದ ಹಂಗನ್ನು ಹತ್ತರ ವಯಸ್ಸಿಗೇ ಅರಿತ ಇವಾನನು ಅಂತರ್ಮುಖಿಯಾಗಿ ಬುದ್ಧಿಯನ್ನೇ ಕೋಟೆಯಾಗಿಸಿಕೊಂಡನು. ಕಿರಿಯನಾದ ಅಲ್ಯೋಷನಾದರೋ ಯಾರ ತಪ್ಪನ್ನೂ ಎಣಿಸದೆ ಎಲ್ಲರನ್ನೂ ಪ್ರೀತಿಸಿದನು. ನಾಲ್ಕನೆಯ ವರ್ಷದಲ್ಲಿ ಕಳೆದುಕೊಂಡ ತಾಯಿಯ ಮುಖವು ಅವನ ನೆನಪಿನಲ್ಲಿ ಬೆಳಕಾಗಿ ಉಳಿದಿತ್ತು. ಫ್ಯೊದೋರನ ಮಗನೆಂದೇ ಜನರು ಆಡಿಕೊಳ್ಳುತ್ತಿದ್ದ ಸ್ಮೆರ್ದ್ಯಾಕೋವನಿಗೆ ಮಗನ ಸ್ಥಾನವೇ ದೊರೆಯಲಿಲ್ಲ. ಅಡುಗೆಯವನಾಗಿ ದುಡಿದ ಅವನ ಅವಮಾನವು ಹಗೆಯಾಗಿ ಬೆಳೆದು, ಆ ತಂದೆಯ ಕೊಲೆಯಲ್ಲಿ ಕೊನೆಗೊಂಡಿತು.

ನೊಂದ ಮಕ್ಕಳಲ್ಲಿ ಒಬ್ಬನು ಸಿಡುಕಬಹುದು, ಒಬ್ಬನು ಮೌನಿಯಾಗಬಹುದು, ಒಬ್ಬನು ನಗುತ್ತಲೇ ಇರಬಹುದು. ನಗುವವನಿಗೆ ನೋವಿಲ್ಲವೆಂದು ತಿಳಿಯಬಾರದು. ‘ನಿನ್ನ ತಮ್ಮ ಸಹಿಸಲಿಲ್ಲವೆ?’ ಎಂದು ಹೋಲಿಸುವುದು ನ್ಯಾಯವಲ್ಲ. ಹಾಗೆಯೇ, ನೊಂದ ಮಗುವು ತನ್ನ ನೋವನ್ನು ನಂಬಿಕೆಗೆ ಅರ್ಹರಾದ ಹಿರಿಯರಲ್ಲಿ ಹೇಳಿಕೊಳ್ಳುವುದು ಹೇಡಿತನವಲ್ಲ. ಕೇಳಿಸಿಕೊಳ್ಳುವುದು ಹಿರಿಯರ ಕರ್ತವ್ಯ.