ಸಮಿತಿಯ ರಿಟ್ರೀಟ್ ಪಿಕ್ನಿಕ್ ಆಗದಿರಲು ಏನು ಮಾಡಬೇಕು?

ಕಳೆದ ವರ್ಷ ನಮ್ಮ ಸಂಘದ ಕಾರ್ಯಕಾರಿ ಸಮಿತಿಯ 14 ಜನ ದೇವರಾಯನದುರ್ಗಕ್ಕೆ ಹೋಗಿದ್ವಿ. ಹೆಸರಿಗೆ 'ರಿಟ್ರೀಟ್'. ಬಸ್ಸಿನಲ್ಲಿ ಅಂತ್ಯಾಕ್ಷರಿ, ಬೆಟ್ಟದ ಮೇಲೆ ನರಸಿಂಹನ ದರ್ಶನ, ಮಧ್ಯಾಹ್ನ ಪುಳಿಯೋಗರೆ, ಆಮೇಲೆ ಅಧ್ಯಕ್ಷರ 40 ಸ್ಲೈಡು. ಫೋಟೋಗಳು ಚೆನ್ನಾಗಿ ಬಂದವು. ಆದರೆ ರಾಜ್ಯೋತ್ಸವದ ಕೆಲಸವೆಲ್ಲ ಪ್ರತಿ ಸಲ ಅದೇ ನಾಲ್ಕು ಜನರ ತಲೆ ಮೇಲೆ ಯಾಕೆ ಬೀಳುತ್ತೆ ಅಂತ ಯಾರೂ ಕೇಳಲಿಲ್ಲ. ಎರಡೇ ತಿಂಗಳಲ್ಲಿ ಆ ನಾಲ್ವರಲ್ಲಿ ಇಬ್ಬರು ಸಂಘ ಬಿಟ್ಟರು.

ಹಾಗಾಗಿ ಈ ವರ್ಷ ಹೊರಡುವ ಮುಂಚೆ ಸ್ವಲ್ಪ ಓದಿಕೊಂಡು, ಯೋಜನೆ ಮಾಡಿ ಹೋದ್ವಿ. ನಾವು ಕಲಿತದ್ದು ಇಷ್ಟು.

1. ಒಂದೇ ಪ್ರಶ್ನೆ ಹಿಡಿದು ಹೋಗಿ

ಸಾಫ್ಟ್‌ವೇರ್ ಎಂಜಿನಿಯರಿಂಗ್ ಪಾಠದಲ್ಲಿ ಬರುವ ಅಜೈಲ್ ಮ್ಯಾನಿಫೆಸ್ಟೋ ಹುಟ್ಟಿದ್ದೇ ಇಂಥ ಒಂದು ಕೂಟದಲ್ಲಿ. 2001ರ ಫೆಬ್ರವರಿ 11ರಿಂದ 13ರವರೆಗೆ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಸ್ಕೀ ರೆಸಾರ್ಟಿನಲ್ಲಿ 17 ಜನ ಸೇರಿದ್ದರು. ಒಬ್ಬರು ಸ್ಕ್ರಮ್ ಅಂದರೆ ಇನ್ನೊಬ್ಬರು ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಅನ್ನುವವರು. ಸ್ಕೀಯಿಂಗ್, ಊಟ, ಹರಟೆ ಎಲ್ಲಾ ಇತ್ತು. ಜೊತೆಗೆ, ನಮ್ಮೆಲ್ಲರಿಗೂ ಒಪ್ಪಿಗೆಯಾಗುವಂಥದ್ದು ಏನಿದೆ ಎಂಬ ಹುಡುಕಾಟವೂ ಇತ್ತು. ಅಲ್ಲಿಂದ ಬಂದದ್ದು ಬರೀ ನಾಲ್ಕು ಮೌಲ್ಯಗಳು. ಮೋಜು ತಪ್ಪಲ್ಲ, ಪ್ರಶ್ನೆಯೇ ಇಲ್ಲದೆ ಹೋಗುವುದು ತಪ್ಪು. ವಾರದ ಮೀಟಿಂಗಿನಲ್ಲಿ ಮುಗಿಯುವ ವಿಷಯಕ್ಕೆ ರಿಟ್ರೀಟ್ ಬೇಡ.

2. ಅರ್ಧ ಕೆಲಸ ಹೋಗುವ ಮುಂಚೆಯೇ

ಮೂರು ವಾರ ಮೊದಲೇ, ಹೆಸರು ಬರೆಯಬೇಕಿಲ್ಲದ ಒಂದು ಫಾರ್ಮ್ ಕಳಿಸಿ: "ನಮ್ಮ ಸಂಘದಲ್ಲಿ ಯಾರೂ ಬಾಯಿಬಿಡದ ಸಮಸ್ಯೆ ಯಾವುದು?" ನಿಮ್ಮ ಪ್ರಶ್ನೆ ಅಲ್ಲೇ ಸಿಗುತ್ತದೆ. ಲೆಕ್ಕಪತ್ರ, ಕಾರ್ಯಕ್ರಮಗಳ ವರದಿ ಮೊದಲೇ ಎಲ್ಲರ ಕೈಗೆ ಸೇರಲಿ. ಆಗ ಸ್ಲೈಡುಗಳ ಅಗತ್ಯವೇ ಇರುವುದಿಲ್ಲ. ಚರ್ಚೆ ನಡೆಸಿಕೊಡಲು ಹಳೆಯ ವಿದ್ಯಾರ್ಥಿಯನ್ನೋ ಬೇರೆ ವಿಭಾಗದ ಮೇಷ್ಟ್ರನ್ನೋ ಕರೆಯಿರಿ. ಅಧ್ಯಕ್ಷರೇ ನಡೆಸಿದರೆ ಅವರ ಮಾತಿಗೆ ಎದುರು ಹೇಳುವವರು ಯಾರು? ಜಾಗ ದುಬಾರಿ ಇರಬೇಕಿಲ್ಲ, ನಾವು ಈ ಸಲ ಗೆಳೆಯರೊಬ್ಬರ ತೋಟದ ಮನೆಯಲ್ಲಿ ಕೂತ್ವಿ.

3. ಮೊದಲು ಬರೆಯಿರಿ, ಆಮೇಲೆ ಮಾತಾಡಿ

ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞರು 2007ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂದಲ್ಲಿ 'ಪ್ರೀಮಾರ್ಟಂ' ಎಂಬ ವಿಧಾನದ ಬಗ್ಗೆ ಬರೆದಿದ್ದಾರೆ. ಕಾರ್ಯಕ್ರಮ ಈಗಾಗಲೇ ಪೂರ್ತಿ ಸೋತಿದೆ ಅಂದುಕೊಂಡು, ಯಾಕೆ ಸೋತಿತು ಅಂತ ಒಬ್ಬೊಬ್ಬರೂ ಬರೆಯಬೇಕು. ಬರಲಿರುವ ರಾಜ್ಯೋತ್ಸವ ಸೋತಿದೆ ಎಂದುಕೊಂಡು ಹತ್ತು ನಿಮಿಷ ಸುಮ್ಮನೆ ಬರೆದ್ವಿ. ಮೈಕ್ ಕೈಕೊಟ್ಟಿತು, ಇಂಟರ್ನಲ್ಸ್ ಅದೇ ವಾರ ಬಂತು ಅಂತೆಲ್ಲ ಚೀಟಿಗಳು ಬಂದವು. ಒಂದು ಚೀಟಿಯಲ್ಲಿ ಮಾತ್ರ ಹೀಗಿತ್ತು: "ಎರಡನೇ ವರ್ಷದವರಿಗೆ ಯಾರೂ ಕೆಲಸವನ್ನೇ ಹೇಳಲಿಲ್ಲ."

ಒಂದು ನಿಮಿಷ ಎಲ್ಲರೂ ಸುಮ್ಮನಾದ್ವಿ. ಜೂನಿಯರ್‌ಗಳಿಗೆ ಆಸಕ್ತಿ ಇಲ್ಲ ಅಂತ ಹಿರಿಯರಾದ ನಾವು ಗೊಣಗುತ್ತಿದ್ದೆವು. ನಮಗೆ ನಂಬಿಕೆ ಇಲ್ಲ ಅಂತ ಅವರು ಅಂದುಕೊಂಡಿದ್ದರು. ಆಮೇಲೆ ಮಾತು ತಾನಾಗಿಯೇ ಶುರುವಾಯಿತು, ಕಿರಿಯರಿಂದಲೇ.

4. ಕೊನೆಯ ಗಂಟೆ ನಿರ್ಧಾರಕ್ಕೆ

ಯಾರು, ಏನು, ಯಾವ ದಿನಾಂಕದೊಳಗೆ ಎಂಬ ಮೂರು ಕಾಲಂ, ಒಂದೇ ಪುಟ. "ಎಲ್ಲರೂ ಸೇರಿ ಮಾಡೋಣ" ಅಂತ ಬರೆದರೆ ಯಾರೂ ಮಾಡಲ್ಲ, ಪ್ರತಿ ಸಾಲಿಗೂ ಒಂದು ಹೆಸರು ಇರಲಿ. ವಿಷಯಕ್ಕೆ ಹೊರತಾದದ್ದನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಂಡು ವಾರದ ಮೀಟಿಂಗಿಗೆ ತನ್ನಿ. 30 ದಿನದ ನಂತರ ಮತ್ತೆ ಕೂರುವ ದಿನವನ್ನು ಅಲ್ಲೇ ಗೊತ್ತು ಮಾಡಿ.

ನಮ್ಮ ಪುಟದಲ್ಲಿ ಒಂಬತ್ತು ಸಾಲುಗಳಿದ್ದವು, ಅದರಲ್ಲಿ ಐದು ಎರಡನೇ ವರ್ಷದವರ ಹೆಸರಲ್ಲಿ. 30ನೇ ದಿನ ನೋಡಿದರೆ ಆರು ಮುಗಿದಿದ್ದವು. ಬಾಕಿ ಉಳಿದ ಮೂರೂ ಹಿರಿಯರಾದ ನಮ್ಮವೇ! ಸಂಘ ಬಿಟ್ಟಿದ್ದ ಇಬ್ಬರಲ್ಲಿ ಒಬ್ಬರು ಈಗ ನಾಟಕದ ತಾಲೀಮಿಗೆ ಬರುತ್ತಿದ್ದಾರೆ. ಇನ್ನೊಬ್ಬರನ್ನು ಕೇಳುವ ಕೆಲಸ ಮುಂದಿನ ಪುಟದ ಮೊದಲ ಸಾಲಿನಲ್ಲಿದೆ.